ಪಕ್ಕದೂರಿನ ಕಾಲೇಜಲ್ಲಿ ಏನಿದೆ, ಪಾಠ ಮಾಡೋರು ಯಾರು

ಕೇಳುಗರಿಗೆಲ್ಲ ನಮಸ್ಕಾರ. ಪಿಯುಸಿ ರಿಸಲ್ಟ್ ಬಂತು ಅಂದ್ರೆ ನಮ್ಮಂಥ ಮೇಷ್ಟ್ರುಗಳಿಗೆ ಫೋನ್ ಶುರು, ರಿಟೈರ್ ಆದ್ರೂ ಬಿಡಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ, ಸಾರ್ ಯಾವ ಕಾಲೇಜು ಒಳ್ಳೇದು ಅಂತ. ನಾನು ತಿರುಗಿ ಕೇಳ್ತೀನಿ, ಯಾವ ಸಬ್ಜೆಕ್ಟಿಗೆ? ಅಲ್ಲಿಗೆ ಆ ಕಡೆ ಮಾತು ನಿಂತುಹೋಗುತ್ತೆ.

ಕೊಡಗು ಚಿಕ್ಕ ಜಿಲ್ಲೆ, ರೈಲೂ ಇಲ್ಲ, ಇಲ್ಲೇನು ಕಾಲೇಜು ಇರುತ್ತೆ ಅನ್ನೋರು ಒಂದು ದಿನ ಬೆಳಿಗ್ಗೆ ಗೋಣಿಕೊಪ್ಪ ಬಸ್ ಸ್ಟ್ಯಾಂಡಲ್ಲಿ ನಿಂತು ನೋಡ್ಬೇಕು. ಕಾವೇರಿ ಕಾಲೇಜು ಊರಲ್ಲೇ ಇದೆ, ಬಿಎ ಬಿಕಾಂ ಮಕ್ಕಳು ಅಲ್ಲಿಗೆ ಹೋಗ್ತಾರೆ. ಒಂದೈದಾರು ಕಿಲೋಮೀಟರ್ ಹೋದ್ರೆ ಪೊನ್ನಂಪೇಟೆ, ಅಲ್ಲಿ ಕೊಡವ ಎಜುಕೇಷನ್ ಸೊಸೈಟಿಯ ಸಿಐಟಿ ಇಂಜಿನಿಯರಿಂಗ್ ಕಾಲೇಜಿದೆ, ಅದೇ ಪೊನ್ನಂಪೇಟೆಯಲ್ಲಿ 1995ರಿಂದ ಅರಣ್ಯ ಕಾಲೇಜೂ ಇದೆ, ಶಿರಸಿ ಬಿಟ್ರೆ ಕಾಡಿನ ಡಿಗ್ರಿ ಓದೋಕೆ ಕರ್ನಾಟಕದ ಮಕ್ಕಳು ಬರೋದು ಇಲ್ಲಿಗೇ. ಇನ್ನೊಂದು ಕಡೆ ವಿರಾಜಪೇಟೆ, ಅಲ್ಲಿ ಡೆಂಟಲ್ ಕಾಲೇಜು. ತಮಾಷೆ ಏನಂದ್ರೆ ಇವಕ್ಕೆಲ್ಲ ಬೇರೆಬೇರೆ ಯಜಮಾನರು. ಡಿಗ್ರಿ ಕಾಲೇಜು ಕೊಡಗು ವಿವಿ, ಇಂಜಿನಿಯರಿಂಗ್ ಬೆಳಗಾವಿಯ ತಾಂತ್ರಿಕ ವಿವಿ ವಿಟಿಯು, ಅರಣ್ಯ ಕಾಲೇಜು ಶಿವಮೊಗ್ಗದ ಕೃಷಿ ತೋಟಗಾರಿಕೆ ವಿವಿ, ಡೆಂಟಲ್ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿವಿ. ಅಡ್ಮಿಷನ್ ಬೇರೆ, ಎಕ್ಸಾಂ ಬೇರೆ, ರಜಾನೂ ಬೇರೆ, ಮಳೆಗೆ ಡಿಸಿ ಸಾಹೇಬ್ರು ಕೊಡೋ ರಜಾ ಒಂದೇ ಕಾಮನ್ ಅನ್ಕೊಳ್ಳಿ.

ಮಡಿಕೇರಿ ಕತೆ ಇನ್ನೊಂಥರ. ಈಗ ನಾವು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು ಅಂತೀವಲ್ಲ, ಅದು ಶುರುವಾಗಿದ್ದು 1949ರಲ್ಲಿ, ಕೊಡಗು ಮೈಸೂರಿಗೆ ಸೇರೋಕೆ ಮುಂಚೇನೇ. ಸೇರಿದ ಮೇಲೆ ಅಜ್ಜಿ ಅಲ್ಲಿ ಓದಿದ್ರೆ ಅವರ ಸರ್ಟಿಫಿಕೇಟಲ್ಲಿ ಮೈಸೂರು ವಿವಿ, 1980ರಲ್ಲಿ ಮಂಗಳೂರು ವಿವಿ ಆಯ್ತು ಹಾಗಾಗಿ ಅಮ್ಮಂದು ಮಂಗಳೂರು, ಮೊಮ್ಮಗಳ ಕಾಲಕ್ಕೆ ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿವಿನೇ ಬಂತು. ಅದು ಬಂದು ಎರಡು ವರ್ಷಕ್ಕೇ ಹೊಸ ವಿವಿಗಳನ್ನ ಮುಚ್ಚೋ ಮಾತೂ ಬಂತು, ಆ ರಾಜಕೀಯ ಇವತ್ತು ಬೇಡ. ಮೆಡಿಕಲ್ ಕಾಲೇಜು 2016ರಿಂದ ಇದೆ. ಕುಶಾಲನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್, ಪಾಲಿಟೆಕ್ನಿಕ್, ಫಸ್ಟ್ ಗ್ರೇಡ್ ಕಾಲೇಜು ಮೂರೂ ಇದಾವೆ.

ಕೋರ್ಸ್ ಹೆಸರು ಬೋರ್ಡ್ ಮೇಲೆ ಬರ್ಸೋದು ಸುಲಭ. ಪಾಠ ಮಾಡೋರು ಯಾರು ಅನ್ನೋದೇ ನಿಜವಾದ ವಿಷಯ. ಸರ್ಕಾರಿ ಡಿಗ್ರಿ ಕಾಲೇಜುಗಳಲ್ಲಿ ಒಂದು ಸಬ್ಜೆಕ್ಟಿಗೆ ಒಬ್ಬರು ಪರ್ಮನೆಂಟ್ ಇದ್ರೆ ಅದೇ ದೊಡ್ಡದು, ಉಳಿದಿದ್ದೆಲ್ಲ ಅತಿಥಿ ಉಪನ್ಯಾಸಕರ ಮೇಲೆ ನಡೀತಿರುತ್ತೆ. ಹೆಸರಿಗೆ ಅತಿಥಿ, ಹತ್ತು ಹದಿನೈದು ವರ್ಷದಿಂದ ಅಲ್ಲೇ ಇರ್ತಾರೆ, ಪ್ರಿನ್ಸಿಪಾಲ್ ನಾಲ್ಕು ಸಲ ಬದಲಾಗಿರ್ತಾರೆ ಇವರು ಮಾತ್ರ ಬದಲಾಗಿರಲ್ಲ. ಆದ್ರೆ ಪ್ರತೀ ವರ್ಷ ಹೊಸದಾಗಿ ಅರ್ಜಿ ಹಾಕ್ಬೇಕು, ಕೌನ್ಸೆಲಿಂಗಿಗೆ ಕಾಯ್ಬೇಕು, ಅದು ಮುಗಿಯೋವರೆಗೆ ಮಕ್ಕಳು ಕಾರಿಡಾರಲ್ಲಿ. 2022ರಲ್ಲಿ ಸರ್ಕಾರ ವಾರಕ್ಕೆ 15 ಗಂಟೆ ಕೆಲಸ ಕೊಟ್ಟು ಗೌರವಧನ ಜಾಸ್ತಿ ಮಾಡ್ತು, ಒಳ್ಳೇದೇ, ಆದ್ರೆ ಇಬ್ಬರು ಹಂಚ್ಕೊಂಡಿದ್ದ ಪಾಠ ಒಬ್ಬರಿಗೇ ಹೋಯ್ತು, ಇನ್ನೊಬ್ಬರು ಮನೆಗೆ. ಬಸ್ ಕಮ್ಮಿ ಇರೋ ನಮ್ಮಂಥ ಕಡೆ ಹೀಗೆ ಹೋದೋರ ಜಾಗಕ್ಕೆ ನೆಟ್ ಅನ್ನೋ ಮೇಷ್ಟ್ರ ಅರ್ಹತಾ ಪರೀಕ್ಷೆ ಪಾಸಾದ ಇನ್ನೊಬ್ಬರು ಸಿಗೋದು ಅಷ್ಟು ಸುಲಭ ಅಲ್ಲ, ಸಿಕ್ಕಿದ್ರೂ ಮೈಸೂರಲ್ಲಿ ಮನೆ ಮಾಡಿರ್ತಾರೆ, ಶುಕ್ರವಾರ ಮಧ್ಯಾಹ್ನವೇ ಕಣ್ಣು ಗಡಿಯಾರದ ಮೇಲೆ.

ಈ ಮೇಷ್ಟ್ರುಗಳನ್ನೇ ಪಕ್ಕದ ಕಾಲೇಜಿನೋರೂ ಯಾಕೆ ಬಳಸ್ಕೋಬಾರ್ದು ಅಂತ ನಂಗೆ ಯಾವತ್ತೂ ಅನ್ಸುತ್ತೆ. ಪೊನ್ನಂಪೇಟೆಯಲ್ಲಿ ಜೇನು, ಮರ, ಮಣ್ಣು ಗೊತ್ತಿರೋ ಪ್ರೊಫೆಸರ್‌ಗಳಿದ್ದಾರೆ, ಗೋಣಿಕೊಪ್ಪದಲ್ಲಿ ಬಿಎ ಓದೋ ಹುಡುಗನ ಮನೇಲಿ ಎರಡೆಕರೆ ಕಾಫಿ ತೋಟ ಇರುತ್ತೆ, ಇವರಿಬ್ಬರೂ ಮೂರು ವರ್ಷ ಒಂದೇ ರಸ್ತೇಲಿ ಓಡಾಡಿ ಒಂದು ಸಲನೂ ಮಾತಾಡಿರಲ್ಲ. ವಿವಿ ಬೇರೆ ಅನ್ನೋದು ಕಾರಣನಾ? ಮಾರ್ಕ್ಸಿಗೆ ಅಡ್ಡಿ ಇರ್ಬಹುದು, ಶನಿವಾರ ಎರಡು ಗಂಟೆ ಪಾಠಕ್ಕೆ ಯಾವ ವಿವಿನೂ ಬೇಡ ಅನ್ನಲ್ಲ. ಇಬ್ಬರು ಪ್ರಿನ್ಸಿಪಾಲ್‌ಗಳು ಕೂತು ಒಂದು ಕಾಫಿ ಕುಡಿದ್ರೆ ಆಗೋ ಕೆಲಸ ಇದು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಬಿಸಿಎ ಇದೆ ಅಂದ ತಕ್ಷಣ ಫೀಸ್ ಕಟ್ಬೇಡಿ. ನಿಮ್ಮ ಮಗಳು ಕೇಳಿದ ಕಾಂಬಿನೇಷನ್ ಈ ವರ್ಷ ನಡೆಯುತ್ತಾ ಕೇಳಿ, ಮಕ್ಕಳು ಕಮ್ಮಿ ಸೇರಿದ್ರೆ ಅದನ್ನ ಮುಚ್ಚಿ ಬೇರೆದಕ್ಕೆ ಹಾಕ್ತಾರೆ. ಆ ವಿಷಯಕ್ಕೆ ಪರ್ಮನೆಂಟ್ ಎಷ್ಟು ಜನ, ಹೋದ ವರ್ಷ ಅತಿಥಿಗಳು ಯಾವ ತಿಂಗಳು ಬಂದ್ರು, ಅದನ್ನೂ ಕೇಳಿ. ಆಫೀಸಲ್ಲಿ ಉತ್ತರ ಸರಿಯಾಗಿ ಸಿಗ್ಲಿಲ್ಲ ಅಂದ್ರೆ ಎರಡನೇ ವರ್ಷದ ಮಕ್ಕಳು ಗೇಟ್ ಹತ್ರ ಇರ್ತಾರೆ, ಅವರು ಹೇಳ್ತಾರೆ, ನೀವು ಕೇಳದೇ ಇದ್ದಿದ್ದನ್ನೂ ಸೇರಿಸಿ ಹೇಳ್ತಾರೆ.

ನಮಸ್ಕಾರ.