ಜಿಮ್ಮಿ ಯಾನ್ಸಿಯ ಎಡಗೈ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಪ್ಪುಜನರ ಬ್ಲೂಸ್ ಸಂಗೀತದ ಪಿಯಾನೊ ಎಂದರೆ ಗದ್ದಲ, ಓಟ, ಬೆರಳುಗಳ ಜಿದ್ದಾಜಿದ್ದಿ ಎಂದುಕೊಂಡವರು ಜಿಮ್ಮಿ ಯಾನ್ಸಿಯವರನ್ನು ಕೇಳಬೇಕು. ಅವರದು ತಗ್ಗಿದ ದನಿ, ಅವಸರವಿಲ್ಲದ ನಡೆ.

ಯಾನ್ಸಿ ಹುಟ್ಟಿದ್ದು 19ನೇ ಶತಮಾನದ ಕೊನೆಯ ದಶಕದಲ್ಲಿ, ಅಮೆರಿಕದ ಶಿಕಾಗೊದಲ್ಲಿ. ತಂದೆ ವಾಡೆವಿಲ್ ಎಂಬ ಹಾಡು-ಕುಣಿತ-ಹಾಸ್ಯದ ರಂಗದ ಗಾಯಕ. ಮಗನೂ ಚಿಕ್ಕಂದಿನಲ್ಲೇ ಹಾಡುತ್ತ, ಬೂಟಿನಿಂದ ನೆಲ ತಟ್ಟಿ ತಾಳ ಹಾಕುವ ಟ್ಯಾಪ್ ಕುಣಿತ ಕುಣಿಯುತ್ತ ಊರೂರು ತಿರುಗಿ, ಯುರೋಪಿಗೂ ಹೋಗಿಬಂದರು. 1915ರ ಹೊತ್ತಿಗೆ ಊರಿಗೆ ಮರಳಿ ಪಿಯಾನೊ ಹಿಡಿದರು. ಕಲಿತದ್ದು ಕಿವಿಯಿಂದ, ಪಳಗಿದ್ದು ರೆಂಟ್ ಪಾರ್ಟಿಗಳಲ್ಲಿ. ಸೌತ್ ಸೈಡ್ ಬಡಾವಣೆಯ ಕಪ್ಪುಜನರು ತಿಂಗಳ ಬಾಡಿಗೆ ಹೊಂದಿಸಲು ತಮ್ಮ ಮನೆಯಲ್ಲೇ ಇಡುತ್ತಿದ್ದ ಪಾರ್ಟಿ ಅದು. ಬಾಗಿಲಲ್ಲಿ ಚಿಲ್ಲರೆ ಕೊಟ್ಟು ಒಳಬಂದವರಿಗೆ ಊಟ, ಕಳ್ಳಸಾರಾಯಿ, ಕುಣಿತ. ಹೆಚ್ಚಿನ ಕಡೆ ಡ್ರಮ್ ಇಲ್ಲ, ತಗ್ಗು ಸ್ವರದ ತಂತಿವಾದ್ಯ ಬಾಸ್ ಇಲ್ಲ. ತಾಳ, ಆಧಾರ ಎರಡನ್ನೂ ಪಿಯಾನೊ ವಾದಕನ ಎಡಗೈಯೇ ಹೊರಬೇಕು.

ಆ ಎಡಗೈ ಮಾಡುವುದೇನು? ಬ್ಲೂಸ್‌ನ ಒಂದು ಸುತ್ತು ಎಂದರೆ ನಾಲ್ಕು ನಾಲ್ಕು ಎಣಿಕೆಯ 12 ಆವರ್ತ. ನಾಲ್ಕು ಆವರ್ತ ಷಡ್ಜದ ಮೇಲೆ, ಎರಡು ಮಧ್ಯಮದ ಮೇಲೆ, ಮತ್ತೆ ಎರಡು ಷಡ್ಜ. ಆಮೇಲೆ ಪಂಚಮ ಒಂದು, ಮಧ್ಯಮ ಒಂದು, ಕೊನೆಯ ಎರಡು ಷಡ್ಜ. ಇ-ಫ್ಲಾಟ್ ಶ್ರುತಿಯಲ್ಲಾದರೆ, ಅಂದರೆ ನಮ್ಮ ಹಾರ್ಮೋನಿಯಂನವರು ಎರಡನೆಯ ಕರಿ ಮನೆಗೆ ಹೇಳುವ ಕರಿ ಎರಡರಲ್ಲಾದರೆ, ಆಧಾರಗಳು ಕರಿ ಎರಡು, ಕರಿ ನಾಲ್ಕು, ಕರಿ ಐದು. ಬೂಗಿ-ವೂಗಿ ಎಂಬ ಓಟದ ಬ್ಲೂಸ್ ಪಿಯಾನೊ ಶೈಲಿಯವರು ಇದರ ಕೆಳಗೆ ಎಂಟು ಸಮ ಏಟುಗಳನ್ನು ಉರುಳಿಸುತ್ತಾರೆ. ಯಾನ್ಸಿ ಎಷ್ಟೋ ಸಲ ಆ ಎಂಟನ್ನು ತಕಿಟ ತಕಿಟ ತಕ ಎಂದು ಮೂರು, ಮೂರು, ಎರಡಾಗಿ ಒಡೆದು, ನಡುವೆ ಮೌನ ಬಿಡುತ್ತಾರೆ. ಕಲಿಯುವವರು ಎಡವುವುದು ಇಲ್ಲೇ. ಬಲಗೈ ರಾಗ ಎತ್ತಿದೊಡನೆ ಎಡಗೈ ಅದರ ಬೆನ್ನು ಹತ್ತುತ್ತದೆ, ಲಯ ಏರುತ್ತದೆ, ಬಿಡುವುಗಳು ತುಂಬಿಹೋಗುತ್ತವೆ. ಎಡಗೈ ಒಂದನ್ನೇ, ಇಡೀ 12 ಆವರ್ತ, ಬಾಯಲ್ಲಿ ಹಾಡಿಕೊಳ್ಳುತ್ತಲೇ ನುಡಿಸಲು ಬರುವ ತನಕ ಬಲಗೈ ಸೇರಿಸಬಾರದು.

ಬಲಗೈಯ ಕಷ್ಟವೇ ಬೇರೆ. ಬ್ಲೂಸ್‌ನ ಗಾಂಧಾರ ಎರಡು ಮನೆಗಳ ನಡುವೆ ಎಲ್ಲೋ ಇದೆ, ಪಿಯಾನೊ ತಂತಿ ಜಗ್ಗುವುದಿಲ್ಲ. ಗಮಕ ಬಾರದೆಂದು ಹಾರ್ಮೋನಿಯಂಗೆ ಆಕಾಶವಾಣಿಯೇ 1940ರಲ್ಲಿ ಬಾಗಿಲು ಹಾಕಿತ್ತಲ್ಲ, ಅದೇ ತಕರಾರು! ಇ-ಫ್ಲಾಟ್‌ನಲ್ಲಿ ಉಪಾಯವೆಂದರೆ ಕರಿ ಮೂರರ ಮೇಲಿಟ್ಟ ಬೆರಳನ್ನು ಎತ್ತದೆ ಪಕ್ಕದ ಬಿಳಿ ಐದಕ್ಕೆ ಜಾರಿಸುವುದು. ಇ (E) ಶ್ರುತಿಯಲ್ಲಿ ಇದು ಕೈಗೂಡದು. ಅಲ್ಲಿ ಬಿಳಿಯಿಂದ ಕರಿಗೆ ಹತ್ತಬೇಕು.

ಯಾನ್ಸಿಯವರ ಇನ್ನೊಂದು ಗುರುತಿದೆ. ರಚನೆ ಯಾವ ಶ್ರುತಿಯಲ್ಲಿದ್ದರೂ ಕೊನೆಯ ಮುಕ್ತಾಯ ಇ-ಫ್ಲಾಟ್‌ನಲ್ಲೇ. ಸಂಗೀತಶಾಲೆಯಲ್ಲಿ ಇದಕ್ಕೆ ಅಂಕ ಕಳೆಯುತ್ತಿದ್ದರು.

ಹೊಟ್ಟೆಪಾಡಿಗೆ ಮಾತ್ರ ಪಿಯಾನೊವನ್ನು ನೆಚ್ಚಲಿಲ್ಲ. 1925ರ ಸುಮಾರಿನಿಂದ ಕಾಲು ಶತಮಾನ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಕೊಮಿಸ್ಕಿ ಪಾರ್ಕ್‌ನಲ್ಲಿ ಮೈದಾನ ನೋಡಿಕೊಂಡರು. ಅಷ್ಟರಲ್ಲಿ ಅವರನ್ನು ಕೇಳಿ ಬೆಳೆದ ಪಿಯಾನೊ ವಾದಕ ಮೀಡ್ ಲಕ್ಸ್ ಲೂಯಿಸ್ 1936ರಲ್ಲಿ ‘ಯಾನ್ಸಿ ಸ್ಪೆಷಲ್’ ಧ್ವನಿಮುದ್ರಿಸಿದರು. ಹೆಸರಲ್ಲೇ ಋಣ ಒಪ್ಪಿಕೊಂಡ ಗ್ರಾಮಫೋನ್ ತಟ್ಟೆ ಅದು. 1938ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಲೂಯಿಸ್, ಆಲ್ಬರ್ಟ್ ಆಮನ್ಸ್, ಪೀಟ್ ಜಾನ್ಸನ್ ನುಡಿಸಿದ ಮೇಲೆ ಬೂಗಿ-ವೂಗಿಯ ಹುಚ್ಚು ಹತ್ತಿತು. ತಟ್ಟೆ ಕಂಪನಿಗಳು ಯಾನ್ಸಿಯ ಮನೆ ಹುಡುಕಿಕೊಂಡು ಹೋದವು. ಮೊದಲ ತಟ್ಟೆ ಬಂದದ್ದು 1939ರಲ್ಲಿ, ವಯಸ್ಸು 40 ದಾಟಿದ ಮೇಲೆ. ಆಗಲೂ ಮೈದಾನದ ಕೆಲಸ ಬಿಡಲಿಲ್ಲ. ಜಾಣತನ ಎನ್ನಬೇಕು.

‘ಯಾನ್ಸಿ ಸ್ಪೆಷಲ್’ನ ಎಡಗೈ ನ್ಯಾಯಾಲಯವನ್ನೂ ಕಂಡಿತು. ಅದನ್ನು ಮತ್ತೊಂದು ತಟ್ಟೆಯಲ್ಲಿ ಕದ್ದಿದ್ದಾರೆಂದು ಹಕ್ಕುದಾರ ಪ್ರಕಾಶಕರು ಮಿರಾಕಲ್ ಎಂಬ ತಟ್ಟೆ ಕಂಪನಿಯ ಮೇಲೆ ದಾವೆ ಹೂಡಿದರು. 1950ರ ತೀರ್ಪಿನ ಪ್ರಕಾರ ಆ ಎಡಗೈ ನಡೆ ಹಕ್ಕುಸ್ವಾಮ್ಯ ಕೊಡಲಾರದಷ್ಟು ಸರಳ. ಸಾಲದ್ದಕ್ಕೆ, ತಟ್ಟೆ ಮಾರಾಟವಾದಾಗಲೇ ರಚನೆ ಸಾರ್ವಜನಿಕರ ಪಾಲಾಗಿತ್ತು. ಸರಳ ಎಂದ ನ್ಯಾಯಾಧೀಶರು ಅದನ್ನು ನುಡಿಸಿ ನೋಡಿರಲಾರರು.

1951ರ ಜುಲೈಯಲ್ಲಿ ಯಾನ್ಸಿ ಅಟ್ಲಾಂಟಿಕ್ ಕಂಪನಿಗೆ ನುಡಿಸಿದರು. ಪತ್ನಿ ಎಸ್ಟೆಲ್, ಅಂದರೆ ಮಾಮಾ ಯಾನ್ಸಿ, ಹಾಡಿದರು. ಇಸ್ರೇಲ್ ಕ್ರಾಸ್ಬಿ ಬಾಸ್ ಹಿಡಿದರು. ಸೆಪ್ಟೆಂಬರಿನಲ್ಲಿ ಯಾನ್ಸಿ ತೀರಿಕೊಂಡರು. ಈ ಕೊನೆಯ ಮುದ್ರಣ ಸೊಗಸಾಗಿದೆ, ಆದರೆ ಕಲಿಯುವವರು ಇದರಿಂದ ಶುರುಮಾಡಬೇಡಿ: ಕ್ರಾಸ್ಬಿಯ ಬಾಸ್ ಪಿಯಾನೊದ ಎಡಗೈಯೊಡನೆ ಬೆರೆತು ಯಾವುದು ಯಾರದೆಂದು ತಿಳಿಯುವುದಿಲ್ಲ. 1939ರ ಒಂಟಿ ಪಿಯಾನೊ ತಟ್ಟೆಗಳನ್ನೇ ಮೊದಲು ಕೇಳಿ. ನಮಸ್ಕಾರ.