ರೋಬಸ್ಟ ಅನ್ನೋ ಹೆಸರಲ್ಲಿ ಒಂದು ಓಕ್ ಮರ ಇದೆ

ಕೊಡಗಿನ ಸಿದ್ದಾಪುರದ ಕಡೆಯ ರೋಬಸ್ಟ ಕಾಫಿ ತೋಟ ಇದು. ಸ್ಪ್ರಿಂಕ್ಲರ್ ತಿರುಗ್ತಿದೆ, ಕಾಣ್ತಿದೆಯಲ್ವಾ? ಅದು ಈ ಕಡೆ ಬರೋದ್ರೊಳಗೆ ಒಂದು ಪದ ನೋಡೋಣ: ರೋಬಸ್ಟ್. ಇಂಗ್ಲಿಷ್‌ನಲ್ಲಿ ಗಟ್ಟಿಮುಟ್ಟಾಗಿರೋದಕ್ಕೆಲ್ಲ ಇದನ್ನೇ ಅಂತಾರೆ. ಬೇರು ಲ್ಯಾಟಿನ್‌ನ ‘ರೋಬುರ್’. ಓಕ್ ಮರ, ಅದರ ಗಟ್ಟಿ ನಾಟಾ, ಆಮೇಲೆ ಬರೀ ಶಕ್ತಿ, ಮೂರಕ್ಕೂ ಅದೊಂದೇ ಪದ. ನಮ್ಮ ‘ಚೇಗು’ ಥರಾನೇ. ಮರದ ಒಳತಿರುಳೂ ಚೇಗು, ಕಸುವೂ ಚೇಗು. ಇದಕ್ಕಿಂತ ಒಳ್ಳೆ ಕನ್ನಡ ಪದ ರೋಬುರ್‌ಗೆ ಸಿಗಲ್ಲ. ಸಾಕ್ಷಿ ಕೊಟ್ಟು ಮಾತನ್ನ ಗಟ್ಟಿ ಮಾಡೋ ‘ಕೊರಾಬರೇಟ್’ ಕೂಡ ಇದೇ ಬೇರಿಂದ ಬಂದಿದ್ದು.

ಈಗ ಮೇಲೆ ನೋಡಿ, ಮೆಣಸಿನ ಬಳ್ಳಿ ಹಬ್ಬಿರೋ ಸಿಲ್ವರ್ ಓಕ್. ಅದು ಓಕ್ ಅಲ್ಲವೇ ಅಲ್ಲ, ಆಸ್ಟ್ರೇಲಿಯಾದ ಬೇರೆ ಕುಟುಂಬದ ಮರ. ಆದ್ರೂ ಸಸ್ಯಶಾಸ್ತ್ರದ ಹೆಸರು ಗ್ರೆವಿಲಿಯ ರೋಬಸ್ಟ! ಎರಡು ಹೆಸರಲ್ಲೂ ಓಕ್ ಇದೆ, ಮರದಲ್ಲಿಲ್ಲ. ಚೇಗು ಬೇಕಂದ್ರೆ ಪಕ್ಕದ ಬೀಟೆ ಮರ ನೋಡಿ. ಯುರೋಪಿನ ಅಸಲಿ ಓಕ್ ಹೆಸರು ಕ್ವೆರ್ಕಸ್ ರೋಬುರ್. ಕ್ವೆರ್ಕಸ್ ಅಂದ್ರೂ ಓಕೇ!

ಕಾಫಿಗೆ ಬರೋಣ. ನಮ್ಮಲ್ಲಿ ಮುಖ್ಯವಾಗಿ ಬೆಳೆಯೋ ಜಾತಿ ಎರಡು: ಅರೇಬಿಕಾ, ರೋಬಸ್ಟ. ಈ ಹೆಸರು ನಂಬ್ಕೊಂಡು ‘ರೋಬಸ್ಟ ತಾನೇ, ಏನಾದ್ರೂ ತಡ್ಕೊಳ್ಳುತ್ತೆ’ ಅಂತಾರಲ್ಲ, ಅದು ಪೂರ್ತಿ ತಪ್ಪು. ಬೇರು ಮೇಲೇ ಹರಡಿರುತ್ತೆ, ಬಿಸಿಲು ಏರಿದ್ರೆ ಅರೇಬಿಕಾಗಿಂತ ಮೊದಲು ಬಾಡುತ್ತೆ. ಫೆಬ್ರವರಿ, ಮಾರ್ಚಲ್ಲಿ ಮೊಗ್ಗು ಬಲಿತಾಗ ಮಳೆಯಿಂದಲೋ ಸ್ಪ್ರಿಂಕ್ಲರ್‌ನಿಂದಲೋ ಒಂದು, ಒಂದೂವರೆ ಇಂಚು ನೀರು ಒಂದೇ ಸಲಕ್ಕೆ ಬೀಳಬೇಕು. ಆಗ ವಾರ, ಹತ್ತು ದಿನದಲ್ಲಿ ಹೂವಾಗಿ ತೋಟ ಬೆಳ್ಳಗಾಗುತ್ತೆ. ಕಾಲಿಂಚು ಹನಿಸಿ ಮಳೆ ಹೋಯ್ತೋ, ಕೆಲಸ ಕೆಟ್ಟಿತು. ಮೊಗ್ಗು ಅರ್ಧ ಎಚ್ಚರಾಗಿ ಅಲ್ಲೇ ನಿಲ್ಲುತ್ತೆ, ಅರಳದೇ ಒಣಗುತ್ತೆ. ಮಳೆಯೇ ಬರದಿದ್ರೆ ಇಷ್ಟು ನಷ್ಟ ಇಲ್ಲ, ಮೊಗ್ಗು ಇನ್ನೊಂದಿಷ್ಟು ದಿನ ಕಾಯುತ್ತೆ. ಅರಳಿದ ದಿನ ಬೆಳಿಗ್ಗೆ ಮಳೆ ಹೊಡೆದ್ರೂ ಕಷ್ಟ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ರೋಬಸ್ಟಗೆ ಬೇರೆ ಗಿಡದ ಪರಾಗ ಬೇಕು. ಅದನ್ನ ಗಾಳಿ, ಜೇನು ತರಬೇಕು. ಪರಾಗ ತೊಳೆದುಹೋದ್ರೆ ಕಾಯಿ ಎಲ್ಲಿಂದ? ಹೂವಾಗಿ ಎರಡು, ಮೂರು ವಾರಕ್ಕೆ ಕಾಯಿ ನಿಲ್ಲೋಕೆ ಇನ್ನೊಂದು ಸಲ ನೀರು, ಅಂದ್ರೆ ಬ್ಯಾಕಿಂಗ್ ನೀರೂ ಕೊಡಬೇಕು.

ಪೂರ್ತಿ ತಪ್ಪು ಅಂದೆ, ಅಷ್ಟೂ ಅಲ್ಲ. ರೋಗದ ಲೆಕ್ಕದಲ್ಲಿ ಹೆಸರು ಸರಿ. ಎಲೆ ತುಕ್ಕು ರೋಗದ ಶಿಲೀಂಧ್ರ ಹೆಮಿಲಿಯ ವಾಸ್ಟಾಟ್ರಿಕ್ಸ್, 1869ರಿಂದ ಸಿಲೋನಿನ ಕಾಫಿ ತೋಟಗಳನ್ನೇ ನುಂಗಿದ್ದು. ವಾಸ್ಟಾಟ್ರಿಕ್ಸ್ ಕೂಡ ಲ್ಯಾಟಿನ್ನೇ: ಹಾಳುಗೆಡವೋಳು. ಅರೇಬಿಕಾ ಉದುರಿದ ಕಡೆ ಅವಳೆದುರು ರೋಬಸ್ಟ ನಿಲ್ಲುತ್ತೆ. ಬಿಳಿ ಕಾಂಡಕೊರಕನ ಕಾಟವೂ ಅರೇಬಿಕಾಗೇ.

ಸ್ಪ್ರಿಂಕ್ಲರ್ ಜೆಟ್ ಈ ಕಡೆ ತಿರುಗ್ತು, ಕ್ಯಾಮೆರಾ ಲೆನ್ಸ್ ಮುಚ್ಚಿ, ಮುಚ್ಚಿ!