ಈಜಿಪ್ಟಿನಿಂದ ಬರದ ಜಿಪ್ಸಿಗಳು

ಎಲ್ಲರಿಗೂ ನಮಸ್ಕಾರ.

ಕಾಡಿನ ಸಫಾರಿಗೆ ಹೋಗಿ ಬಂದವರನ್ನು ಕೇಳಿದರೆ ಜಿಪ್ಸಿ ಅಂದರೆ ಜೀಪಿನಂಥ ಗಾಡಿ. 1985ರಲ್ಲಿ ಮಾರುತಿ ಕಂಪನಿ ಇಟ್ಟ ಹೆಸರು ಅದು. ಬಟ್ಟೆ ಅಂಗಡಿಯಲ್ಲಿ ಜಿಪ್ಸಿ ಅಂದರೆ ಘೇರಿನ ಲಂಗ. ಇಂಗ್ಲಿಷ್ ಬರಹಗಳಲ್ಲಿ ಒಮ್ಮೊಮ್ಮೆ ನಮ್ಮ ಲಂಬಾಣಿಗರಿಗೂ ಇದೇ ಹೆಸರು. ಒಂದು ಕಡೆ ನಿಲ್ಲದೆ ಊರೂರು ಸುತ್ತುವ ಯಾರನ್ನಾದರೂ ಸುಮ್ನೆ ಜಿಪ್ಸಿ ಅಂದುಬಿಡುತ್ತೇವೆ. ಈ ಮಾತಿನ ಹಿಂದೆ ಒಂದು ಜನಾಂಗವೇ ಇದೆ ಅನ್ನುವುದು ಮಾತ್ರ ಮರೆತೇ ಹೋಗುತ್ತದೆ.

ಅವರು ರೋಮಾ. ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟು, ಪರ್ಷಿಯಾ, ಆರ್ಮೇನಿಯಾ, ಗ್ರೀಕ್ ನಾಡು ದಾಟಿ ಯುರೋಪಿಗೆ ಹರಡಿದವರು. 15ನೇ ಶತಮಾನದಲ್ಲಿ ಪಶ್ಚಿಮ ಯುರೋಪಿನ ಊರುಗಳಿಗೆ ಬಂದಾಗ ಅಲ್ಲಿನವರು ಇವರನ್ನು ಈಜಿಪ್ಟಿನವರು ಅಂದುಕೊಂಡರು. ‘ಪುಟ್ಟ ಈಜಿಪ್ಟಿನಿಂದ ಬಂದಿದ್ದೇವೆ’ ಎಂದು ಇವರ ಮುಖಂಡರೂ ಹೇಳಿಕೊಂಡದ್ದುಂಟು. ಆ ‘ಈಜಿಪ್ಷಿಯನ್’ ಬಾಯಲ್ಲಿ ಸವೆದು ಇಂಗ್ಲೆಂಡಿನಲ್ಲಿ ಜಿಪ್ಸಿ ಆಯಿತು, ಸ್ಪೇನಿನಲ್ಲಿ ಹಿತಾನೊ ಆಯಿತು. 1530ರಲ್ಲಿ ಇಂಗ್ಲೆಂಡಿನ ಅರಸ 8ನೇ ಹೆನ್ರಿ ಇವರನ್ನು ದೇಶದಿಂದ ಓಡಿಸಲು ತಂದ ಕಾನೂನಿಗೂ ‘ಈಜಿಪ್ಷಿಯನ್ಸ್ ಆ್ಯಕ್ಟ್’ ಎಂದೇ ಹೆಸರು. ಫ್ರಾನ್ಸಿನವರು ಇವರು ಈಗಿನ ಚೆಕ್ ನಾಡಿನ ಬೊಹೀಮಿಯಾದಿಂದ ಬಂದರೆಂದು ತಿಳಿದು ‘ಬೊಹೀಮಿಯನ್’ ಅಂದರು. ಆಮೇಲೆ ಆ ಹೆಸರು ಪ್ಯಾರಿಸ್ಸಿನ ಬಡ ಕಲಾವಿದರ ಪಾಲಾಯಿತು.

ಇವೆರಡೂ ತಪ್ಪು ತಿಳಿವಳಿಕೆಯ ಹೆಸರುಗಳು. ಇನ್ನೊಂದು ಹೆಸರಿದೆ. ಅದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ.

ಜರ್ಮನಿಯಲ್ಲಿ ತ್ಸಿಗೊಯ್ನರ್, ರೊಮೇನಿಯಾದಲ್ಲಿ ತ್ಸಿಗಾನ್. ಎರಡಕ್ಕೂ ಬೇರು ಹಳೆಯ ಗ್ರೀಕ್ ಮಾತಿನಲ್ಲಿದೆ ಎಂದು ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ಬೇರೆಯವರನ್ನು ಮುಟ್ಟದೆ ದೂರ ಇರುತ್ತಿದ್ದ ಒಂದು ಪಂಥಕ್ಕೆ ಇದ್ದ ಹೆಸರದು. ‘ಮುಟ್ಟದವರು’ ಎಂಬ ಮಾತಿನ ಭಾರ ಏನು ಅಂತ ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಈಗಿನ ರೊಮೇನಿಯಾದ ಸೀಮೆಗಳಲ್ಲಿ ಇವರನ್ನು ಶತಮಾನಗಳ ಕಾಲ ಕೊಂಡು ಮಾರಿದರು. ಅರಸರು, ಮಠಗಳು, ಜಮೀನ್ದಾರರು, ಎಲ್ಲರಿಗೂ ಇವರು ಆಸ್ತಿ. ತ್ಸಿಗಾನ್ ಅಂದರೆ ಗುಲಾಮ ಎಂದೇ ಅರ್ಥ ಬಂದುಬಿಟ್ಟಿತ್ತು. ಬಿಡುಗಡೆ ಪೂರ್ತಿಯಾಗಿದ್ದು 1856ರಲ್ಲಿ. ಅದಾಗಿ ನೂರು ವರ್ಷ ತುಂಬುವ ಮೊದಲೇ ಹಿಟ್ಲರನ ನಾಜಿಗಳು ತಮ್ಮ ಸಾವಿನ ಶಿಬಿರ ಆಶ್ವಿಟ್ಸ್‌ನಲ್ಲಿ ಇವರ ತೋಳಿನ ಮೇಲೆ ನಂಬರಿನ ಜೊತೆ ‘ಝಡ್’ ಅಕ್ಷರ ಹಚ್ಚೆ ಹಾಕಿದರು. ಜರ್ಮನ್ ಬರಹದಲ್ಲಿ ತ್ಸಿಗೊಯ್ನರ್ ಎಂಬ ಹೆಸರಿನ ಮೊದಲ ಅಕ್ಷರ ಅದು. 1944ರ ಆಗಸ್ಟ್ 2ರ ರಾತ್ರಿ ಆ ಶಿಬಿರದಲ್ಲಿ ಉಳಿದಿದ್ದ 4 ಸಾವಿರಕ್ಕೂ ಹೆಚ್ಚು ರೋಮಾ ಜನರನ್ನು, ಮಕ್ಕಳು ಮುದುಕರು ಎನ್ನದೆ, ವಿಷಾನಿಲಕ್ಕೆ ತಳ್ಳಿದರು. ಅದು ಜನಾಂಗ ಹತ್ಯೆ ಎಂದು ಪಶ್ಚಿಮ ಜರ್ಮನಿ ಒಪ್ಪಿಕೊಂಡಿದ್ದು 1982ರಲ್ಲಿ.

ಹಾಗಾದರೆ ಇವರು ತಮ್ಮನ್ನು ತಾವು ಏನೆಂದುಕೊಳ್ಳುತ್ತಾರೆ? ರೋಮ್. ಅವರ ಮಾತಿನಲ್ಲಿ ಅದಕ್ಕೆ ಗಂಡಸು, ಗಂಡ ಎಂಬ ಅರ್ಥ. ಆ ಮಾತು, ರೋಮಾನಿ, ಕೇಳುತ್ತಿದ್ದರೆ ಮೈ ಜುಮ್ ಅನ್ನುತ್ತದೆ. ನೀರಿಗೆ ಪಾನಿ. ಮೂಗಿಗೆ ನಾಕ್. ಉಪ್ಪಿಗೆ ಲೋನ್, ನಮ್ಮ ಲವಣದ ನೆಂಟ. ದ್ರಾಕ್ಷಿಗೆ ದ್ರಾಖ್. ಶಿಲುಬೆಗೆ ತ್ರುಶುಲ್! ಎಣಿಕೆಯೂ ಹಾಗೆಯೇ: ಯೆಖ್, ದುಯ್, ತ್ರಿನ್... ಆರರ ತನಕ ನಮ್ಮ ಕಡೆಯದು. ಏಳು, ಎಂಟು, ಒಂಬತ್ತು ಗ್ರೀಕರಿಂದ ಬಂದವು. ಹತ್ತಕ್ಕೆ ಮತ್ತೆ ದೆಶ್. ಅವರು ನಡೆದ ದಾರಿಯೆಲ್ಲ ಈ ಹತ್ತು ಬೆರಳ ಲೆಕ್ಕದಲ್ಲೇ ಇದೆ. 1782ರಲ್ಲೇ ಜರ್ಮನಿಯ ವಿದ್ವಾಂಸ ರ್ಯೂಡಿಗರ್ ಈ ಭಾಷೆಯನ್ನು ಹಿಂದುಸ್ತಾನಿ ಜೊತೆ ಹೋಲಿಸಿ, ಇದು ಭಾರತದ್ದು ಎಂದು ತೋರಿಸಿದ್ದರು.

ರೋಮಾ ಮತ್ತು ಲಂಬಾಣಿಗರು ಒಂದೇ ಎಂದು ಕೆಲವರು ಹೇಳುತ್ತಾರೆ. ಇಲ್ಲಿ ಅವಸರ ಬೇಡ. ಎರಡು ಭಾಷೆಗಳೂ ಇಂಡೋ-ಆರ್ಯನ್ ಕುಟುಂಬದವು ಎಂಬುದು ನಿಜ. ಮರಾಠಿ, ಬಂಗಾಳಿಗಳೂ ಅದೇ ಕುಟುಂಬದವು. ಲಂಗದ ಕನ್ನಡಿ ನೋಡಿ ನೆಂಟಸ್ತನ ಕಟ್ಟಬಾರದು.

1971ರ ಏಪ್ರಿಲ್‌ನಲ್ಲಿ ಲಂಡನ್ ಹತ್ತಿರದ ಆರ್ಪಿಂಗ್ಟನ್‌ನಲ್ಲಿ ಹಲವು ದೇಶಗಳ ರೋಮಾ ಪ್ರತಿನಿಧಿಗಳು ಮೊದಲ ಬಾರಿಗೆ ಸಮ್ಮೇಳನ ಸೇರಿ, ನಮ್ಮನ್ನು ರೋಮಾ ಎಂದು ಕರೆಯಿರಿ ಅಂದರು. ಅವರ ನೀಲಿ, ಹಸಿರು ಬಾವುಟದ ನಡುವೆ ಕೆಂಪು ಚಕ್ರ ಬಂತು. ಆದರೆ ಎಲ್ಲರೂ ಒಂದೇ ಹೆಸರಿಗೆ ಒಪ್ಪಿಲ್ಲ. ಜರ್ಮನಿಯಲ್ಲಿ ತಲೆಮಾರುಗಳಿಂದ ಇರುವವರು ತಮ್ಮನ್ನು ಸಿಂತಿ ಅನ್ನುತ್ತಾರೆ. ಸ್ಪೇನಿನವರು ಹೆಮ್ಮೆಯಿಂದ ಹಿತಾನೊ ಎಂದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಎಷ್ಟೋ ಮನೆತನಗಳು ಜಿಪ್ಸಿ ಎಂಬ ಹೆಸರನ್ನೇ ಉಳಿಸಿಕೊಂಡಿವೆ. 2011ರ ಜನಗಣತಿಯಲ್ಲಿ ಅದಕ್ಕೊಂದು ಕಲಮು ಬಂತು. 2021ರಲ್ಲಿ ರೋಮಾ ಎಂಬುದಕ್ಕೂ ಬೇರೆ ಕಲಮು ಸಿಕ್ಕಿತು.

ಕನ್ನಡದಲ್ಲಿ ಬರೆಯುವಾಗ ನಾನು ರೋಮಾ ಎಂದೇ ಬರೆಯುತ್ತೇನೆ. ಲಂಬಾಣಿಗರನ್ನು ಜಿಪ್ಸಿ ಎನ್ನುವುದನ್ನು ಬಿಟ್ಟಿದ್ದೇನೆ. ಅವರು ತಮ್ಮತಮ್ಮಲ್ಲಿ ಮಾತಾಡುವಾಗ ಗೋರ್ ಎಂದುಕೊಳ್ಳುತ್ತಾರೆ. ಇಲ್ಲಿ ತಾಂಡಾಗಳಿಂದ ಬಂದವರು ಯಾರಾದರೂ ಇದ್ದರೆ, ಆ ಹೆಸರಿನ ಬಗ್ಗೆ ಎರಡು ಮಾತು ಹೇಳಿ, ಕೇಳುವ ಆಸೆಯಿದೆ.